ನಾಫಿಯಾಳ ಸ್ಟೂಲು

ಅಂತ್ಯಕ್ರಿಯೆಗೆ ಬಂದಿದ್ದ ಭಾವ ಮಂಗಳೂರಿಗೆ ಹೊರಟ ಮರುದಿನ ಬೆಳಿಗ್ಗೆ ಕುಡಿಯುವ ನೀರಿನವನು ಬೆಲ್ ಮಾಡಿದ. ಸಾಂತ್ವನ ಹೇಳಲೆಂದು ಬಾರದ ಮೊದಲ ಮನುಷ್ಯ ಅವನು. ಬಾಟಲಿಯನ್ನು ಹೆಗಲಿನಿಂದ ಇಳಿಸಿ, ಹಾಲ್‌ನಲ್ಲಿದ್ದ ಗಿಡ್ಡ ಸ್ಟೂಲಿನ ಮೇಲೆ ಇಡಹೋದ.

"ಅದರ ಮೇಲೆ ಬೇಡ," ಎಂದೆ. "ಅದು ನಮ್ಮದಲ್ಲ."

ನಾಫಿಯಾಳದು.

ಕೊಲ್ಲಿ ನಾಡಿನ ನಮ್ಮ ಬಡಾವಣೆ ಮಿರ್ದಿಫ್‌ನ ಮೇಲೆ ವಿಮಾನಗಳು ಎಂದಿನಂತೆ ಇಳಿಯುತ್ತಿದ್ದವು. ಗಂಡ ಸತ್ತರೆ ಅಳು ಬರುತ್ತದೆ ಎಂದುಕೊಂಡಿದ್ದೆ. ನನಗೆ ಬಂದದ್ದು ಹೊಟ್ಟೆಕಿಚ್ಚು.

ಕ್ಯಾಮಿಲಸ್‌ನನ್ನು ನಾನು ಮೊದಲು ಕಂಡದ್ದು ಜುಮೇರಾ ಲೇಕ್ ಟವರ್ಸ್‌ನ ಒಂದು ರೆಸ್ಟೋರೆಂಟಿನಲ್ಲಿ. ಅವನದು ಹಗಲು ಅಕೌಂಟ್ಸ್ ಕೆಲಸ, ಶುಕ್ರವಾರ ಸಂಜೆ ಬ್ಲೂಗ್ರಾಸ್. ಅಮೆರಿಕದ ಬೆಟ್ಟದೂರುಗಳ ಹಾಡು. ಗಿಟಾರ್, ಬ್ಯಾಂಜೊ, ಪಿಟೀಲು, ಎತ್ತರದ ಸ್ವರ. ಹಾಡು ಮುಗಿದ ಮೇಲೆ ನಾನೇ ಹೋಗಿ ಕೇಳಿದ್ದೆ.

"ಮೂಗಿನಲ್ಲಿ ಯಾಕೆ ಹಾಡ್ತೀರಿ? ನೆಗಡಿನಾ?"

"ಹೌದು. ಮೈಸೂರಿನವರು ಶುಂಠಿ ಕಾಫಿ ಮಾಡಿಕೊಟ್ರೆ ಗುಣ ಆಗ್ತದಂತೆ."

"ನಾನು ಮೈಸೂರು ಅಂತ ಹೇಗೆ ಗೊತ್ತು?"

"ನಮ್ಮ ಊರಿನವರಾದ್ರೆ ಶೀತವಾ ಅಂತ ಕೇಳ್ತಿದ್ರು."

ಅವನ ತುಟಿ ಗಂಭೀರವಾಗಿತ್ತು. ಎಡ ಹುಬ್ಬು ಮಾತ್ರ ನಗುತ್ತಿತ್ತು. ನಾನು ಆ ಹುಬ್ಬನ್ನೇ ಮದುವೆಯಾದೆ.

ಬ್ಲೂಗ್ರಾಸ್‌ನವರು ಒಂದೇ ಮೈಕಿನ ಸುತ್ತ ನಿಂತು ಹಾಡುತ್ತಾರೆ. ಕ್ಯಾಮಿಯ ಸ್ವರದೊಂದಿಗೆ ಸ್ವರ ಕೂಡಿಸುವವಳು ನಾಫಿಯಾ. ಇಬ್ಬರ ಕೆನ್ನೆಗಳ ನಡುವೆ ಅಂಗೈ ತೂರಿಸಲೂ ಜಾಗವಿರುತ್ತಿರಲಿಲ್ಲ.

"ಇನ್ನೊಂದು ಮೈಕ್ ನಾನು ಕೊಡಿಸ್ತೀನಿ," ಎಂದಿದ್ದೆ.

"ದೂರ ನಿಂತ್ರೆ ಸ್ವರ ಕೂಡುದಿಲ್ಲ ಮಾರಾಯ್ತಿ."

"ಹತ್ತಿರ ನಿಂತ್ರೆ ಏನೇನು ಕೂಡುತ್ತೆ?"

ಅವನು ಗಿಟಾರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದ.

ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದ ಮೇಲೂ ಅವನು ಶುಕ್ರವಾರ ಬಿಡಲಿಲ್ಲ. ನಿಲ್ಲಲು ಆಗದೆ ಹೋದಾಗ, ರೆಸ್ಟೋರೆಂಟ್ ಇದ್ದ ಟವರಿನದೇ ಫ್ಲ್ಯಾಟಿನಲ್ಲಿದ್ದ ನಾಫಿಯಾ ತನ್ನ ಅಡುಗೆಮನೆಯ ಸ್ಟೂಲು ತಂದುಕೊಟ್ಟಳು. ಮೈಕ್ ಕೆಳಗಿಳಿಯಿತು. ಅವಳು ಬಗ್ಗಿ ನಿಂತು ಹಾಡಿದಳು. ಮೊದಲ ಹಾಡು ಮುಗಿದಾಗ ಅವನು ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳ ಮುಖ ಕೆಂಪಾಯಿತು. ಮುಂದಿನ ಹಾಡಿಗೆ ಅವನ ಪಕ್ಕದಲ್ಲಿ ಮೊಣಕಾಲೂರಿ ಕೂತಳು. ಆಮೇಲೆ ಪ್ರತಿ ಶುಕ್ರವಾರವೂ ಹಾಗೆಯೇ.

ಬಾಗಿಲ ಬಳಿಯ ಟೇಬಲ್ಲಿನಲ್ಲಿ, ಆಕ್ಸಿಜನ್ ಸಿಲಿಂಡರನ್ನು ಕಾಲ ಹತ್ತಿರ ಇಟ್ಟುಕೊಂಡು ನಾನು ನೋಡುತ್ತಿದ್ದೆ. ಹಾಡು ಅವಳಿಗೆ, ಕೆಮ್ಮು ನನಗೆ.

"ಏನು ಹೇಳಿದೆ ಅವಳಿಗೆ?"

"ಸ್ವರದ ವಿಷಯ."

ಎಡ ಹುಬ್ಬು ನಗುತ್ತಿತ್ತು. ಹಾಡಿಗೆಂದು ಉಸಿರು ಉಳಿಸುತ್ತಿದ್ದವನನ್ನು ಮತ್ತೆ ಕೇಳಲಾಗಲಿಲ್ಲ. ಕೊನೆಯ ಶುಕ್ರವಾರ, ಮನೆಯಲ್ಲಿ ಅಭ್ಯಾಸಕ್ಕೆ ಬೇಕೆಂದು ನಾಫಿಯಾಳನ್ನು ಕೇಳಿ ಸ್ಟೂಲನ್ನೂ ಕಾರಿಗೆ ಹಾಕಿಸಿದ.

ಕಿವಿಯಲ್ಲಿ ಹೇಳಿದ ಆ ಮಾತು ಈಗ ಗೊತ್ತಿರುವುದು ಒಬ್ಬಳಿಗೇ. ನೀರಿನವನು ಹೋದ ಮೇಲೆ ಸ್ಟೂಲು ಎತ್ತಿಕೊಂಡು ಟ್ಯಾಕ್ಸಿ ಹತ್ತಿದೆ.

ನಾಫಿಯಾ ಬಾಗಿಲು ತೆರೆದಳು. ಕಣ್ಣು ಊದಿತ್ತು. ಅಷ್ಟು ಅಳಲು ಅವಳಿಗೇನು ಹಕ್ಕು ಎನಿಸಿತು.

"ಅಯ್ಯೋ, ಇದನ್ನು ಹೊತ್ಕೊಂಡು ಬಂದ್ರಾ ಮಾನ್ಯಕ್ಕ? ನಿಮ್ಮಲ್ಲೇ ಇರ್ಲಿ, ಕ್ಯಾಮಿಯ ನೆನಪಿಗೆ."

ಕ್ಯಾಮಿ. ಆ ಹೆಸರು ನನ್ನದೊಬ್ಬಳದೇ ಎಂದುಕೊಂಡಿದ್ದೆ.

"ಈ ಸ್ಟೂಲಿನಲ್ಲಿ ಕೂತ ಮೊದಲ ದಿನ, ನಿನ್ನ ಕಿವಿಯಲ್ಲಿ ಏನು ಹೇಳಿದ?"

ಅವಳು ನನ್ನನ್ನೇ ನೋಡಿದಳು.

"ನಿಮಗೆ ಹೇಳ್ಲಿಲ್ವಾ? ಬೈದದ್ದು ನನಗೆ. 'ಎಂತಕ್ಕೆ ಗೋಡೆ ಹಾಗೆ ನಿಂತದ್ದು ನೀನು? ಕೂತ್ಕೋ. ನನ್ನ ಹೆಂಡತಿ ಕಾಣುದಿಲ್ಲ' ಅಂತ. ಅಷ್ಟು ಜನರ ಮುಂದೆ! ನಾಚಿಕೆಯಾಯ್ತು."

ನಾನು ಸ್ಟೂಲು ಹಿಡಿದೇ ನಿಂತಿದ್ದೆ.

"ಸ್ಟೂಲನ್ನೂ ಬಾಗಿಲ ಕಡೆ ತಿರುಗಿಸ್ತಿದ್ದ. ಹಾಗೆ ಕೂತ್ರೆ ಮೈಕ್ ಸರಿ ಹಿಡಿಯುದಿಲ್ಲ. ನಾನು ನೇರ ಮಾಡುದು, ಅವ ಪುನಃ ತಿರುಗಿಸುದು. ನಿಮ್ಮಿಂದಾಗಿ ನನ್ನ ಮೊಣಕಾಲಿನ ಚರ್ಮ ಹೋಯ್ತು ಮಾನ್ಯಕ್ಕ." ಅವಳು ನಗಲು ನೋಡಿದಳು. "ಒಂದೊಂದು ಸಲ ನಿಮ್ಮ ಮೇಲೆ ಹೊಟ್ಟೆ ಉರೀತಿತ್ತು. ಇಷ್ಟು ಹತ್ತಿರ ಕೂತು ಹಾಡಿದ್ರೂ ನನ್ನ ಕಡೆ ಒಮ್ಮೆ ನೋಡ್ಲಿಲ್ಲ ಆ ಮನುಷ್ಯ."

ಆ ಮಾತನ್ನೂ ಅವನು ಹೇಳಿದ್ದು ಅವಳಿಗೆ. ನನಗೆ ಹೇಳಿದ್ದರೆ ಆ ಶುಕ್ರವಾರಗಳಲ್ಲಿ ನಾನು ಅವನನ್ನು ನೋಡುತ್ತಿದ್ದೆ. ನಾನು ನೋಡಿದ್ದೆಲ್ಲ ನಾಫಿಯಾಳನ್ನು.



"ಇಟ್ಕೊಳ್ಳಿ," ಎಂದಳು ಮತ್ತೆ.

"ಬೇಡ. ಕೇಳಿ ತಂದದ್ದು."

ಅಡುಗೆಮನೆಗೆ ಹೋಗಿ ಕಟ್ಟೆಯ ಪಕ್ಕದಲ್ಲಿ ಸ್ಟೂಲು ಇಟ್ಟೆ. ನಾಫಿಯಾ ಅಭ್ಯಾಸಬಲದಿಂದ ಬಗ್ಗಿ ಅದನ್ನು ನೇರ ಮಾಡಿದಳು.

ನಾನು ಪುನಃ ಬಾಗಿಲ ಕಡೆಗೆ ತಿರುಗಿಸಿದೆ.