ಎಡಭುಜದ ಅಳತೆ

"ಈ ಗುಂಡುಸೂಜಿಗಳೆಲ್ಲಾ ಎಲ್ಲಿ ಹಾಳಾಗಿ ಹೋದವು...?"

ಕೇಳಿದ್ದು ಯಾರನ್ನೂ ಅಲ್ಲ. ಬಸ್ ನಿಲ್ದಾಣದ ಎದುರಿನ ಪುಟ್ಟ ಹೊಲಿಗೆ ಅಂಗಡಿಯಲ್ಲಿ, ಮಿಷನ್ ಕೆಳಗೆ ಬಗ್ಗಿ ಹುಡುಕುತ್ತಿದ್ದವಳು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡಿದ್ದಳು.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಅತ್ತಿಗೆ ತಲೆಯೆತ್ತಲಿಲ್ಲ. "ನಿನ್ನ ಕೈಮೇಲೇ ಇವೆಯಲ್ಲೇ, ಪುಣ್ಯಾತ್ಗಿತ್ತಿ!"

ನಿಜ. ಸೂಜಿ ಚೆಲ್ಲದಿರಲೆಂದು ಮಣಿಕಟ್ಟಿಗೆ ಕಟ್ಟಿಕೊಂಡ ಆಯಸ್ಕಾಂತದ ಪಟ್ಟಿಗೆ ಅಷ್ಟೂ ಅಂಟಿಕೊಂಡಿದ್ದವು. ಅವಳು ನಾಲಿಗೆ ಕಚ್ಚಿಕೊಂಡಳು.

"ಈ ಶರ್ಟು... ಎಡಭುಜದಲ್ಲಿ ಸ್ವಲ್ಪ ಸಡಿಲ ಮಾಡ್ಕೊಡ್ತೀರಾ?"

ಬಾಗಿಲ ಕಡೆಯಿಂದ ಬಂದ ಆ ದನಿ ಕೇಳಿದ್ದೇ ಅವಳ ಎದೆ ಝಲ್ಲೆಂದಿತು!

ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ನಿಲ್ದಾಣದ ಧ್ವನಿವರ್ಧಕದಲ್ಲಿ ದಿನವಿಡೀ ಬಸ್ಸುಗಳನ್ನು ಕೂಗುವ ದನಿ. ಬರೀ ಊರುಗಳ ಹೆಸರು. ಆದರೂ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ತಂಗಬೇಕೋ ಅಲ್ಲಿ ತಂಗಿ, ಪದ್ಯ ಓದಿದ ಹಾಗೆ. ಅದನ್ನು ಕೇಳುತ್ತಾ ಅವಳ ಪೆಡಲ್ ತಾನಾಗಿಯೇ ನಿಧಾನವಾಗುತ್ತಿತ್ತು.

'ಇವರೇನಾ...?'

ತೆಳ್ಳಗಿನ ಮನುಷ್ಯ, ದಣಿದ ಕಣ್ಣು, ಅಳುಕಿನ ನಗು. ಅವಳು ಟೇಪು ಬಿಚ್ಚಿ ಹತ್ತಿರ ಹೋದಳು. ಭುಜಕ್ಕೆ ಕೈ ಎತ್ತುವಷ್ಟರಲ್ಲಿ ಮೇಜಿನಂಚಿನಲ್ಲಿದ್ದ ಒಂಟಿ ಸೂಜಿಯೊಂದು ಹಾರಿ ಬಂದು ಅವಳ ಪಟ್ಟಿಗೆ ಕಚ್ಚಿಕೊಂಡಿತು.

ಅವನ ಕಣ್ಣು ಅವಳ ಕೈಮೇಲೆ ಬಿತ್ತು. ಮುಖದ ಬಣ್ಣವೇ ಇಳಿದುಹೋಯಿತು.

"ದೂರ! ಕೈ... ಆ ಕೈ ದೂರ ತಗೊಳ್ಳಿ!"

ಹಿಂದಕ್ಕೆ ಸರಿದ ರಭಸಕ್ಕೆ ಸ್ಟೂಲು ಉರುಳಿತು. ಏನೋ ಹೇಳಲು ಬಾಯಿ ತೆರೆದ, ಮಾತು ಹೊರಡಲಿಲ್ಲ. ಎದೆಗೆ ಕೈ ಅಡ್ಡ ಹಿಡಿದುಕೊಂಡು ರಸ್ತೆ ದಾಟಿ ಹೊರಟೇಹೋದ. ಶರ್ಟು ಮೇಜಿನ ಮೇಲೇ ಉಳಿಯಿತು.

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಬೆರಳ ತುದಿಯಿಂದ ಮೊಣಕೈವರೆಗೆ ಹರಡಿದ ಬಿಳಿ ಮಚ್ಚೆಗಳು. ಅಂಟುವ ರೋಗವಲ್ಲ ಎಂದು ಎಷ್ಟು ಜನಕ್ಕೆ ಹೇಳಿದ್ದಳೋ! "ಅಳತೆ ನಾವೇ ಬರ್ಕೊಂಡು ಬರ್ತೀವಿ" ಎನ್ನುವವರ ನಯವೂ ಅವಳಿಗೆ ಹೊಸದಲ್ಲ.

'ಇವರೂನಾ...? ಈ ದನಿಯವರೂ...?'

"ಹೋಗ್ಲಿ ಬಿಡೇ," ಎಂದಳು ಅತ್ತಿಗೆ ಮೆಲ್ಲಗೆ. "ನೋಡೋಕೆ ಕಡ್ಡಿ ಹಾಗಿದಾನೆ, ಧಿಮಾಕು ಮಾತ್ರ ಬೆಟ್ಟದಷ್ಟು."

ನಾದಿನಿ ನಗಲಿಲ್ಲ. ಎದ್ದು ಹೋಗಿ, ದನಿ ಒಳಗೆ ಬರದಂತೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು. ಆಮೇಲೆ ದಿನವೂ ಹಾಗೇ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಬಾಗಿಲ ಸಂದಿನಿಂದ ಬೇರೆ ಯಾರದೋ ಒರಟು ದನಿ ನುಗ್ಗಿತು. ಮರುದಿನವೂ ಅದೇ. ಬೇಡ ಬೇಡವೆಂದರೂ ಅವಳ ಕಿವಿ ಹಳೆಯ ದನಿಯನ್ನೇ ಹುಡುಕಿತು.

ಹರಿದ ಜೇಬು ಹಿಡಿದುಕೊಂಡು ಬಂದ ಮುದಿ ಕಂಡಕ್ಟರ್‌ನನ್ನು ತಡೆಯಲಾರದೆ ಕೇಳಿದಳು. "ಯಾಕಣ್ಣಾ, ನಿಮ್ಮ ಮೈಕಿನವರು ಬರ್ತಿಲ್ವಾ?"

"ಆಸ್ಪತ್ರೇಲಿ ಇದಾನಮ್ಮ. ಒಳ್ಳೆ ಡ್ರೈವರ್ ಆಗಿದ್ದವನು. ಯಾವುದೋ ಜ್ವರ ಬಂದು ಹೃದಯ ಸೋತುಹೋಯ್ತು. ಬಡಿತ ಒಂದೊಂದ್ಸಲ ಹಳಿ ತಪ್ಪಿ ಓಡುತ್ತಂತೆ. ಅದಕ್ಕೇ ಎಡಭುಜದ ಕೆಳಗೆ, ಚರ್ಮದೊಳಗೆ ಒಂದು ಪೆಟ್ಟಿಗೆ ಇಟ್ಟಿದಾರೆ. ಹಳಿ ತಪ್ಪಿದಾಗ ಅದೇ ಶಾಕ್ ಕೊಟ್ಟು ಸರಿ ಮಾಡುತ್ತೆ. ಇನ್ನು ಬಸ್ ಓಡಿಸೋ ಹಾಗಿಲ್ಲ ಅಂತ ಮೈಕ್ ಮುಂದೆ ಕೂರಿಸಿದ್ರು. ಮೊನ್ನೆ ಮೇಲಿಂದ ಮೇಲೆ ಶಾಕ್ ಹೊಡೀತು ನೋಡು... ಪಾಪ."

ಜೇಬು ಹಿಡಿದಿದ್ದ ಅವಳ ಕೈ ನಿಂತಿತು.

"ತಮಾಷೆ ಅಂದ್ರೆ ಆಯಸ್ಕಾಂತ ಕಂಡ್ರೆ ಹಾವು ಕಂಡ ಹಾಗೆ ಹಾರ್ತಾನೆ!" ಕಂಡಕ್ಟರ್ ನಕ್ಕ. "ಹತ್ತಿರ ಬಂದ್ರೆ ಪೆಟ್ಟಿಗೆ ಕಣ್ಣು ಮುಚ್ಕೊಂಡ್ಬಿಡುತ್ತಂತೆ. ಆಗ ಬಡಿತ ತಪ್ಪಿದ್ರೆ ಕಾಯೋರಿಲ್ಲ."

ಅವಳು ನಿಧಾನವಾಗಿ ಮಣಿಕಟ್ಟಿನ ಪಟ್ಟಿಯನ್ನು ನೋಡಿದಳು. 'ಅಯ್ಯೋ ದೇವರೇ... ಅವರು ನೋಡಿದ್ದು ನನ್ನ ಮಚ್ಚೆಯನ್ನಲ್ಲ!' ಬಿಚ್ಚಿ ಡ್ರಾಯರ್‌ಗೆ ಹಾಕಿದಳು. ಹಳೆಯ ಬಟ್ಟೆಯ ಸೂಜಿದಿಂಬನ್ನು ಹೊರತೆಗೆದಳು.

"ಎಲ್ಲಿಗೆ ಹೊರಟೆ?" ಎಂದಳು ಅತ್ತಿಗೆ.

"ಅಳತೆ ತಗೊಳ್ಳೋಕೆ."

"ಹೂಂ... ಭುಜದ್ದು ತಾನೇ?" ಅತ್ತಿಗೆಯ ತುಟಿಯಂಚಿನಲ್ಲಿ ನಗು.

ಆಸ್ಪತ್ರೆಯ ಕೋಣೆಯಲ್ಲಿ ಅವನು ಕಿಟಕಿ ಹಿಡಿದು ನಿಂತಿದ್ದ. ಅವಳನ್ನು ಕಂಡು ತಬ್ಬಿಬ್ಬಾದ.

"ಪಟ್ಟಿ ಬಿಚ್ಚಿಟ್ಟು ಬಂದಿದೀನಿ," ಎಂದಳು ಬಾಗಿಲಲ್ಲೇ, ಬರಿಗೈ ತೋರಿಸಿ.

ಅವನ ಕಣ್ಣು ತುಂಬಿತು. "ಆ ದಿನ ಹೆದರಿಕೆಗೆ ಮಾತೇ ಹೊರಡಲಿಲ್ಲ. ಸಂಜೆ ಹೇಳೋಣ ಅಂತ ಬಂದೆ... ಬಾಗಿಲು ಅರ್ಧ ಹಾಕಿತ್ತು. ಅಷ್ಟಕ್ಕೇ ತಿರುಗಿ ಹೋದೆ."

"ಪೂರ್ತಿ ಹಾಕಿರಲಿಲ್ಲವಲ್ಲ!" ಅವಳು ಒಳಗೆ ಹೆಜ್ಜೆಯಿಟ್ಟಳು. "ಈಗ ಹೇಗಿದೆ?"

"ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಹೃದಯದವರೆಗೂ ಹಾಯಿಸಿ, ಬಡಿತ ಕೆಡಿಸೋ ಜಾಗಾನ ಸುಟ್ಟಿದಾರೆ. ಆಮೇಲೆ ಪೆಟ್ಟಿಗೆ ಸುಮ್ಮನಿದೆ."

ಅವಳು ಹತ್ತಿರ ಬಂದು ಟೇಪನ್ನು ಅವನ ಎಡಭುಜದ ಮೇಲಿಟ್ಟಳು. ಬಟ್ಟೆಯ ಕೆಳಗೆ ಪೆಟ್ಟಿಗೆಯ ಉಬ್ಬು ಬೆರಳಿಗೆ ಸಿಕ್ಕಿತು. ಶರ್ಟಿನ ಹೊಲಿಗೆ ಒತ್ತುತ್ತಿದ್ದುದು ಇಲ್ಲೇ. ಮಚ್ಚೆಯ ಬೆರಳುಗಳು ಅಲ್ಲೇ ನಿಂತವು... ಅವನು ಸರಿಯಲಿಲ್ಲ.

"ದಿನಾ ಕೇಳ್ತಿದ್ದೆ ನಿಮ್ಮ ದನೀನ," ಎಂದಳು, ಟೇಪಿನ ಕಡೆಗೇ ನೋಡುತ್ತಾ.

"ದಿನಾ ನೋಡ್ತಿದ್ದೆ ನಿಮ್ಮನ್ನ. ನನ್ನ ಕಿಟಕಿಗೆ ನಿಮ್ಮ ಅಂಗಡಿ ಕಾಣುತ್ತೆ. ಶರ್ಟು ಬರೀ ನೆಪ... ಅಲ್ಲ, ಪೂರ್ತಿ ನೆಪ ಅಲ್ಲ, ಒತ್ತೋದು ನಿಜಾನೇ."

ಇಬ್ಬರೂ ನಕ್ಕರು. ಅವನೇ ಮೊದಲು ನಗು ನಿಲ್ಲಿಸಿದ.

"ಒಂದು ಮಾತು ನಡೆಸಿಕೊಡ್ತೀರಾ?"

"ಏನು?"

"ಸುಟ್ಟ ಜಾಗಾನೇ ಮತ್ತೆ ಕಾಟ ಕೊಡಬಹುದು ಅಂದಿದಾರೆ ಡಾಕ್ಟರು. ಹೃದಯ ಮೊದಲಿನ ಹಾಗೆ ಆಗೋದು ಕಷ್ಟ. ಮಾತ್ರೆಗಳು ಕೊನೇವರೆಗೂ. ಇಂಥ ಎದೆಗೆ ನಿಮ್ಮ ಬದುಕು ಕಟ್ಟಿ ಹಾಕೋದು ಬೇಡ." ಅವನ ದನಿ ಎಲ್ಲಿ ತಂಗಬೇಕೋ ಅಲ್ಲಿ ತಂಗಿತು. "ಆ ಬಾಗಿಲನ್ನ ಪೂರ್ತಿ ಹಾಕ್ಕೊಂಡ್ಬಿಡಿ. ನನ್ನನ್ನ ಮರೆತುಬಿಡಿ... ದಯವಿಟ್ಟು."

"ಆಗಲ್ಲ," ಎಂದಳು ಅವಳು. "ನೆಟ್ಟಗೆ ನಿಂತ್ಕೊಳ್ಳಿ, ಅಳತೆ ತಪ್ಪುತ್ತೆ."