ಮಧ್ಯಾಹ್ನ ಒಂದರ ಹೆಜ್ಜೆ ಸದ್ದು

"ಇಳೀರಿ! ಮೊದ್ಲು ಆ ತೂಕದ ಮಷೀನಿಂದ ಕೆಳಗಿಳೀರಿ!"

ಬಾಗಿಲಲ್ಲಿ ನಿಂತವನ ದನಿಗೆ ಅವಳು ಬೆಚ್ಚಿಬಿದ್ದಳು. ಕ್ಲಿನಿಕ್ಕಿನ ಕೋಣೆಯಲ್ಲಿ ಯಾರೂ ಇಲ್ಲವಲ್ಲ ಎಂದು ತಾನೇ ಚಪ್ಪಲಿ ಬಿಟ್ಟು ಹತ್ತಿದ್ದಳು.

"ಅದು ತೋರಿಸೋ ನಂಬರ್ ನೋಡಿ ನೀವು ಇವತ್ತು ಊಟ ಬಿಡ್ತೀರಿ. ಅದಕ್ಕೇ ಕೂಗಿದ್ದು. ಬೇಜಾರಾಗ್ಬೇಡಿ" ಎಂದು ಆತ ದನಿ ತಗ್ಗಿಸಿದ.

ಎತ್ತರದ ಆಳು, ತೋಳು ಮಡಚಿದ ಬಿಳಿ ಅಂಗಿ. ಊಟ, ವ್ಯಾಯಾಮ ಎರಡನ್ನೂ ಹೇಳಿಕೊಡುವ ಡಯಟಿಷಿಯನ್. ಒಂದೊಂದು ತುತ್ತಿಗೂ ಗಂಟೆ ಗೊತ್ತುಮಾಡಿ ಪ್ರಾಣ ತಿನ್ನುತ್ತಾನೆಂದು ರೋಗಿಗಳು ಆತನಿಗೆ ಇಟ್ಟ ಹೆಸರು 'ಗಡಿಯಾರ ಸಾರ್'.

ಆತ ಮೇಜಿನ ಮುಂದೆ ಕೂತು ಬರೆಯತೊಡಗಿದ. ಹಸಿರು ಇಂಕು. ಅಕ್ಷರಗಳೆಲ್ಲ ಎಡಕ್ಕೆ ವಾಲಿಕೊಂಡಿದ್ದವು.

ಅವಳು ಮುಂದಕ್ಕೆ ಬಾಗಿ ನೋಡಿದಳು. ಅದೇ ಇಂಕು, ಅದೇ ಅಕ್ಷರ! ಅಕ್ಕ ಸತ್ತು ಎಂಟು ತಿಂಗಳಾದರೂ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇರುವ ಚೀಟಿಯ ಕೈಬರಹ!

'ನೀನೇನಾ... ನನ್ನ ಅಕ್ಕನನ್ನ ಕೊಂದವನು ನೀನೇನಾ?'

ಮಾತನ್ನು ನುಂಗಿ ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

ಅವಳು ಟೈಲರ್. ಮೂರು ಮಹಡಿಯ ಕಟ್ಟಡದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಕ್ಕ ಪೋಸ್ಟ್ ಆಫೀಸಿನ ಕೌಂಟರಿನಲ್ಲಿದ್ದವಳು. ದುಂಡಗಿದ್ದಳು, ಬಾಯಿ ತುಂಬ ನಗುತ್ತಿದ್ದಳು. ಯಾರೋ ಒಬ್ಬ ಗಿರಾಕಿ "ಕುರ್ಚಿ ಗಟ್ಟಿಯಾಗಿದೆಯಲ್ಲಮ್ಮ" ಎಂದು ಹಲ್ಲು ಕಿರಿದ. ಮಾತು ಆಡಿದವನು ಅಂದೇ ಮರೆತಿರುತ್ತಾನೆ. ಅಕ್ಕ ಮಾತ್ರ ಅಂದಿನಿಂದ ನಗಲಿಲ್ಲ. ಎಲ್ಲಿಂದಲೋ ಒಂದು ಚೀಟಿ ತಂದು ಫ್ರಿಜ್ಜಿಗೆ ಅಂಟಿಸಿದಳು. ಬೆಳಿಗ್ಗೆ ಬಿಸಿನೀರು, ಅರ್ಧ ಗಂಟೆ ನಡಿಗೆ, ಹತ್ತು ಸಲ ಮೆಟ್ಟಿಲು, ಒಂದು ಮೊಟ್ಟೆ, ಒಂದು ಹಣ್ಣು. ಅಷ್ಟೇ ಇತ್ತು ಅದರಲ್ಲಿ!

ಹತ್ತು ಸಲದ ಮೆಟ್ಟಿಲು ಇಪ್ಪತ್ತಾಯಿತು, ನಲವತ್ತಾಯಿತು. ಎರಡೇ ತಿಂಗಳು. ಒಂದು ಮಧ್ಯಾಹ್ನ ಒಂದು ಗಂಟೆಗೆ ಅಕ್ಕ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದಳು. ಉಪವಾಸದಿಂದ ಮೈಯ ಲವಣಾಂಶ ಇಳಿದು ಎದೆಬಡಿತ ತಪ್ಪಿತು ಎಂದರು ಡಾಕ್ಟರು.

ಆಮೇಲಿಂದ ಶುರುವಾಯಿತು ಆ ಸದ್ದು.

ಒಂದು ಗಂಟೆಗೆ ಸರಿಯಾಗಿ ಮೆಟ್ಟಿಲ ಮೇಲೆ ಹೆಜ್ಜೆಗಳು. ಹತ್ತುತ್ತವೆ, ಇಳಿಯುತ್ತವೆ. ನಡುವೆ ಏದುಸಿರು. ಅವಳು ಓಡಿಹೋಗಿ ನೋಡಿದರೆ ಖಾಲಿ ಮೆಟ್ಟಿಲು, ಗೋಡೆಗೆ ಬಿದ್ದ ಬಿಸಿಲು. ಅಮ್ಮನಿಗೆ ಕೇಳಿಸದು. ತುತ್ತು ಬಾಯಿಗಿಟ್ಟರೆ ಸಾಕು, ಆ ಏದುಸಿರು ಕಿವಿಯ ಪಕ್ಕಕ್ಕೇ ಬರುತ್ತಿತ್ತು.

ಅವಳು ಮಧ್ಯಾಹ್ನದ ಊಟ ಬಿಟ್ಟಳು. ಬೆಳಿಗ್ಗೆ ಬರೀ ಕಾಫಿ. ಸಂಜೆ ಅಂಗಡಿ ಮುಚ್ಚಿ ಬಂದು ಅಡುಗೆಮನೆಯಲ್ಲಿ ನಿಂತೇ ಸಿಕ್ಕಿದ್ದನ್ನೆಲ್ಲ ನುಂಗುವುದು. ತೂಕ ಏರುತ್ತಲೇ ಹೋಯಿತು, ಎರಡು ಮಹಡಿ ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು.

"ನೀರು ಕುಡಿದ್ರೂ ದಪ್ಪ ಆಗ್ತೀನಿ ಅಂತೀಯಲ್ಲ, ಆ ನೀರು ಯಾವ ಅಂಗಡೀದು ಹೇಳೇ, ನಿಮ್ಮ ಸಣಕಲು ಸೋದರಮಾವನಿಗೂ ಒಂದು ಬಾಟ್ಲಿ ಕೊಡ್ಸೋಣ!" ಎಂದು ಅಮ್ಮ ನಗಿಸಿದಳು. ಮರುಕ್ಷಣವೇ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇರೋಳು ನೀನೊಬ್ಳೇ ಕಣೇ. ಡಾಕ್ಟರ ಹತ್ರ ಹೋಗು."

ಹಾಗೆ ಬಂದವಳು ಈಗ ಇವನೆದುರು ಕೂತಿದ್ದಳು.

"ಮೆಟಬಾಲಿಸಂ ನಿಧಾನ ಆಗಿದೆ" ಎಂದ ಆತ. "ಅಂದ್ರೆ, ತಿಂದಿದ್ದನ್ನ ದೇಹ ಶಕ್ತಿ ಮಾಡ್ಕೊಳ್ಳೋ ಕೆಲಸ ಮಂದ ಆಗಿದೆ. ಒಲೆಗೆ ಸೌದೆ ಹಾಕದೆ ಉರಿ ಬರ್ಲಿಲ್ಲ ಅಂದ್ರೆ ಹೇಗೆ ಮೇಡಂ? ಹಗಲೆಲ್ಲ ಉಪವಾಸ ಇದ್ರೆ ಇವಳು ಬರಗಾಲದಲ್ಲಿದ್ದಾಳೆ ಅಂತ ದೇಹ ಖರ್ಚು ಕಮ್ಮಿ ಮಾಡುತ್ತೆ."

"ಅದಕ್ಕೇನು ಮಾಡ್ಬೇಕು? ಒಂದು ಮೊಟ್ಟೆ, ಒಂದು ಹಣ್ಣಾ?" ಅವಳ ದನಿ ಚೂರಿಯಾಗಿತ್ತು.

"ಅದು ಬೆಳಗಿನ ತಿಂಡಿ ಜೊತೆ" ಎಂದು ಆತ ಉದ್ದನೆಯ ಹಾಳೆ ಮುಂದಿಟ್ಟ. ಮಧ್ಯಾಹ್ನ ಅನ್ನ, ಬೇಳೆ, ತರಕಾರಿ, ಮೊಸರು. ಸಂಜೆಗೆ ಕಡಲೆಬೀಜ, ರಾತ್ರಿ ಬೇಗ ಊಟ, ಏಳು ಗಂಟೆ ನಿದ್ದೆ. ಊಟವಾದ ಮೇಲೆ ಹತ್ತು ನಿಮಿಷ ನಡಿಗೆ, ವಾರಕ್ಕೆ ಮೂರು ದಿನ ಡಂಬಲ್ ಎತ್ತುವುದು. "ಮೈಯಲ್ಲಿ ಮಾಂಸಖಂಡ ಬೆಳೆದ್ರೆ ಸುಮ್ಮನೆ ಕೂತಾಗ್ಲೂ ಸ್ವಲ್ಪ ಹೆಚ್ಚು ಕರಗುತ್ತೆ. ತಿಂಗಳಿಗೆ ಒಂದೆರಡು ಕಿಲೋ, ಸಾಕು. ಕೆಳಗೆ ಮನೆಯವರ ಸಹಿ ಹಾಕಿಸ್ಕೊಂಡು ಬನ್ನಿ."

"ಮನೆಯವರ ಸಹಿ ಯಾಕೆ?"

ಹಸಿರು ಪೆನ್ನು ಬೆರಳುಗಳ ನಡುವೆ ನಿಂತಿತು. "ಒಂದ್ಸಲ ಸಹಿ ಇಲ್ದೆ ಕೊಟ್ಟಿದ್ದೆ... ಕೊಡಬಾರ್ದಿತ್ತು."

'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ! ಅಕ್ಕ ಸತ್ತ ಮೇಲೆ ಬುದ್ಧಿ ಬಂದಿದೆ, ಹಾಳೆ ಉದ್ದ ಆಗಿದೆ.' ಇವನ ಬಾಯಿಂದಲೇ ತಪ್ಪು ಒಪ್ಪಿಸುತ್ತೇನೆ ಎಂದು ಹಟ ತೊಟ್ಟು ಅವಳು ದಿನ ಬಿಟ್ಟು ದಿನ ಬರತೊಡಗಿದಳು.

ಹಟಕ್ಕೆ ಬಂದವಳ ಗತಿ ಏನಾಯಿತು ಕೇಳಿ! ಡಂಬಲ್ ಎತ್ತಿ ತೋಳು ನಡುಗಿದಾಗ ಆತ, "ದಿನವಿಡೀ ಹೊಲಿಗೆ ಮಷೀನ್ ತುಳಿಯೋ ಕಾಲು ನಿಮ್ದು, ನನಗಿಂತ ಗಟ್ಟಿ. ಕೈ ಮಾತ್ರ ಸೋಮಾರಿ" ಎನ್ನುತ್ತಿದ್ದ. ಅವಳಿಗೆ ನಗು ಬಂದುಬಿಡುತ್ತಿತ್ತು. ನಕ್ಕದ್ದಕ್ಕೆ ಆಮೇಲೆ ತನ್ನ ಮೇಲೆಯೇ ಸಿಟ್ಟು.

ಮಧ್ಯಾಹ್ನ ಊಟ ಇಳಿಯುವುದಿಲ್ಲವೆಂದು ಒಂದು ದಿನ ಬಾಯಿಬಿಟ್ಟಳು. ಯಾಕೆಂದು ಆತ ಕೇಳಲಿಲ್ಲ. ಮಾರನೆಯ ದಿನ ಒಂದು ಗಂಟೆಗೆ ತನ್ನ ಡಬ್ಬಿ ಹಿಡಿದು ಅಂಗಡಿಗೇ ಬಂದ.

ಮೇಲೆ ಹೆಜ್ಜೆಗಳು ಶುರುವಾದವು. ಅವಳ ಕೈ ನಿಂತಿತು. ಆತ ಗುಂಡಿ ಕಿತ್ತುಹೋದ ತನ್ನ ಅಂಗಿಯ ಕಥೆ ಹೇಳುತ್ತ, ಸೌತೆಕಾಯಿಯನ್ನು ಕರಕರ ಅಗಿಯುತ್ತ ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅವಳ ಗಂಟಲಲ್ಲಿ ಒಂದು ತುತ್ತು ಇಳಿಯಿತು. ನಂತರ ಆತ ದಿನವೂ ಬಂದ.

'ಅಯ್ಯೋ... ಅಕ್ಕನನ್ನು ಕೊಂದವನಿಗಾಗಿ ನಾನು ಬಾಗಿಲು ಕಾಯ್ತಿದ್ದೀನಾ?'

ಮೂರನೇ ತಿಂಗಳಲ್ಲಿ ಅವಳ ಅಂಗಿ ಸಡಿಲವಾಯಿತು. ಪಕ್ಕ ಹಿಡಿದು ಬಿಗಿ ಮಾಡೋಣವೆಂದು ಒಂದು ಬೆಳಿಗ್ಗೆ ಮಷೀನಿಗೆ ಕೊಟ್ಟಳು. ಸೂಜಿ ಇಳಿದದ್ದೇ ತಡ, ತಲೆಯ ಮೇಲೆ ಹೆಜ್ಜೆಗಳು! ಗಂಟೆ ಇನ್ನೂ ಹತ್ತು. ಎಂದೂ ಹೊತ್ತು ತಪ್ಪದ ಸದ್ದು, ಈಗ ಓಡಿದಂತೆ ಹತ್ತುತ್ತಿತ್ತು, ಇಳಿಯುತ್ತಿತ್ತು.

ಬಟ್ಟೆ ಬಿಟ್ಟು ಅವಳು ಮೂಲೆಯಲ್ಲಿ ಮುದುಡಿ ಕೂತಳು. ಮಧ್ಯಾಹ್ನ ಆತ ಬಂದಾಗಲೂ ಅಲ್ಲೇ ಇದ್ದಳು.

"ಟೈಲರ್ ಮೇಡಂ, ಒಂದು ಮಾತು" ಎಂದ ಆತ, ಅವಳ ಮುಖ ಸರಿಯಾಗಿ ನೋಡದೆ. "ನಿಮ್ಮ ಫೈಲನ್ನ ಇವತ್ತು ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಒಪ್ಪಿಸಿ ಬಂದೆ. ಇನ್ಮೇಲೆ ನೀವು ನನ್ನ ರೋಗಿ ಅಲ್ಲ. ಯಾಕಂದ್ರೆ... ನನಗೆ ನೀವು..."

"ಮಾತಾಡ್ಬೇಡಿ!"

ಅವಳು ಮೇಲೆ ಓಡಿ ಫ್ರಿಜ್ಜಿನ ಬಾಗಿಲಿಂದ ಚೀಟಿ ಕಿತ್ತು ತಂದು ಅವನ ಮುಂದೆ ಎಸೆದಳು.

"ಮೊದ್ಲು ಇದನ್ನ ಓದಿ! ಇಷ್ಟು ತಿಂದು ಮನುಷ್ಯರು ಬದುಕ್ತಾರಾ? ಪೋಸ್ಟ್ ಆಫೀಸಿನಲ್ಲಿದ್ದ ನನ್ನ ಅಕ್ಕ... ಇದನ್ನ ನಂಬಿ ಸತ್ತಳು!"

ಆತನ ಮುಖ ಬಿಳಿಚಿಕೊಂಡಿತು.

"ಅವರು... ನಿಮ್ಮ ಅಕ್ಕನಾ?" ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಬರೀ ಬೆಳಗಿಂದು. ಉಳಿದಿದ್ದೆಲ್ಲಿ?"

"ಸುಳ್ಳು!"

ಚೀಟಿಯ ಕೆಳಗಂಚನ್ನು ಒಳಕ್ಕೆ ಮಡಚಿ ಟೇಪು ಹಚ್ಚಿತ್ತು. ಆತ ಅದನ್ನು ಮೆಲ್ಲಗೆ ಬಿಡಿಸಿ ಅವಳ ಕೈಗಿಟ್ಟ.

ಅಂಚು ಹಲ್ಲುಹಲ್ಲಾಗಿತ್ತು. ನೂಲು ಬಿಚ್ಚದಂತೆ ಬಟ್ಟೆಯ ಅಂಚು ಕತ್ತರಿಸುವ ಜಿಗ್‌ಜಾಗ್ ಕತ್ತರಿ. ಅವಳದೇ ಕತ್ತರಿ! ಮಧ್ಯದಲ್ಲಿ ಒಂದು ಹಲ್ಲು ಮೊಂಡಾಗಿ ಬಿಡುವ ಗುರುತೂ ಹಾಗೇ ಇತ್ತು. ಮಧ್ಯಾಹ್ನ, ಸಂಜೆ, ರಾತ್ರಿ ಮೂರನ್ನೂ ಅಕ್ಕನೇ ಕತ್ತರಿಸಿ ಎಸೆದಿದ್ದಳು. ಅಮ್ಮನಿಗೂ ತಂಗಿಗೂ ಗೊತ್ತಾಗದಂತೆ ಅಂಚು ಮಡಚಿದ್ದಳು.

"ಹತ್ತು ದಿನಕ್ಕೆ ನಾಲ್ಕು ಕಿಲೋ ಇಳಿದಿದ್ರು" ಆತನ ದನಿ ಒಡೆದಿತ್ತು. "ಮೂರು ಸಲ ಫೋನ್ ಮಾಡ್ದೆ. ಎಲ್ಲ ತಿಂತಿದ್ದೀನಿ ಸಾರ್ ಅಂದ್ರು. ಮೂರನೇ ಸಲ ನಂಬಿಬಿಟ್ಟೆ. ಮನೆಗೆ ಬಂದು ನೋಡ್ಬೇಕಿತ್ತು. ನನ್ನ ತಪ್ಪಿಲ್ಲ ಅಂತ ನಾನು ಹೇಳಲ್ಲ..."

"ನಿಮ್ಮದಲ್ಲ!" ಅವಳು ಚೀರಿದಳು. ಹತ್ತು ತಿಂಗಳಿಂದ ಎದೆಯಲ್ಲಿ ಹೂತಿಟ್ಟದ್ದು ಹೊರಬಿತ್ತು. "ಅವಳ ಬಟ್ಟೆ ಪಕ್ಕ ಹಿಡಿದು ಬಿಗಿ ಮಾಡಿಕೊಟ್ಟಿದ್ದು ನಾನು! ಎರಡು ತಿಂಗಳಲ್ಲಿ ಮೂರು ಸಲ! ಜನರ ಮೈ ಅಳೆದೇ ಬದುಕೋಳು ನಾನು, ನನಗೆ ಗೊತ್ತಾಗ್ಲಿಲ್ವಾ? ಪ್ರತಿ ಸಲಾನೂ 'ಎಷ್ಟು ಚೆನ್ನಾಗಿ ಕಾಣ್ತೀಯ ಅಕ್ಕ' ಅಂದೆ! ಅವಳು ಅದಕ್ಕೇ ಇನ್ನೂ ಹತ್ತಿದಳು... ಹೋಗಿ, ದಯವಿಟ್ಟು ಹೋಗಿ!"

ಆತ ಹೋದ. ಡಬ್ಬಿ ಅಲ್ಲೇ ಉಳಿಯಿತು.

ಮೂರು ದಿನ ಅವಳು ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ತಟ್ಟೆಯ ಮುಂದೆ ಅಮ್ಮ ಕೂತಳು. ಬೈಯಲಿಲ್ಲ.

"ನಿನಗೆ ಅವಳ ಹೆಜ್ಜೆ ಕೇಳಿಸುತ್ತೆ ಅಂತ ನನಗೊತ್ತು. ನನಗೆ ಕೇಳಿಸಲ್ಲ ಕಣೇ. ಕೇಳಿಸ್ಲಿ ಅಂತ ಎಷ್ಟು ಸಲ ಅಲ್ಲಿ ಹೋಗಿ ನಿಂತಿದ್ದೀನಿ ಗೊತ್ತಾ? ಕೇಳಿಸಿದ್ರೆ, ಸಾಕು ಕಣೇ ಮಗಳೇ, ಬಾ ಊಟಕ್ಕೆ ಅಂತಿದ್ದೆ."

ಅವಳು ದಂಗಾದಳು. ಅಷ್ಟು ದಿನ ಆ ಸದ್ದಿಗೆ ಹೆದರಿದ್ದಳೇ ಹೊರತು ಒಂದು ಮಾತೂ ಆಡಿರಲಿಲ್ಲ.

ತಟ್ಟೆ ಹಿಡಿದು ಎರಡನೇ ಮಹಡಿಯ ಮೆಟ್ಟಿಲಿಗೆ ಬಂದು, ಅಕ್ಕ ಬಿದ್ದ ಜಾಗದಲ್ಲೇ ಕೂತಳು. ಒಂದು ಗಂಟೆ. ಹೆಜ್ಜೆಗಳು ಮೇಲಿಂದ ಇಳಿದು ಬಂದವು. ಏದುಸಿರು ಅವಳ ಬೆನ್ನ ಹಿಂದಿನ ಮೆಟ್ಟಿಲಲ್ಲಿ ನಿಂತಿತು.

"ಅಕ್ಕ..." ತಿರುಗಿ ನೋಡುವ ಧೈರ್ಯವಾಗಲಿಲ್ಲ. "ನೀನು ದಪ್ಪಗಿದ್ದಾಗ್ಲೂ ಚೆನ್ನಾಗಿದ್ದೆ ಕಣೇ. ಅದನ್ನ ನಾನು ಹೇಳ್ಲೇ ಇಲ್ಲ. ತಪ್ಪಾಯ್ತು. ಸಾಕು, ಇನ್ನು ಹತ್ತಬೇಡ. ಕೂತ್ಕೋ."

ಏದುಸಿರು ಮೆಲ್ಲಮೆಲ್ಲಗೆ ಇಳಿಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಅವಳು ಅಳುತ್ತಲೇ ತಟ್ಟೆಗೆ ಕೈ ಹಾಕಿದಳು.

ಕೆಳಗಿನಿಂದ ನಿಜವಾದ ಚಪ್ಪಲಿಯ ಸದ್ದು ಬಂತು. ಆತ ತಿರುವಿನಲ್ಲಿ ನಿಂತಿದ್ದ. ಕಣ್ಣ ಕೆಳಗೆ ಕಪ್ಪು, ಗಡ್ಡ ಬೆಳೆದಿತ್ತು.

"ಡಬ್ಬಿ ಬಿಟ್ಟು ಹೋಗಿದ್ದೆ" ಎಂದ.

"ಮೂರು ದಿನ ಬೇಕಾಯ್ತಾ ಜ್ಞಾಪಕ ಬರೋಕೆ?"

"ಬರೋ ಮುಖ ಇರ್ಲಿಲ್ಲ. ನನ್ನ ನೋಡಿದಾಗೆಲ್ಲ ನಿಮಗೆ ಅವರ ನೆನಪಾಗುತ್ತೆ."

"ಆಗ್ಲಿ. ನೆನಪು ಬೇಕು ನನಗೆ. ಒಬ್ಳೇ ಹೊರೋದು ಬೇಡ, ಅಷ್ಟೇ." ಅವಳು ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದಳು. "ಅವತ್ತು ಏನೋ ಹೇಳ್ತಿದ್ರಿ."

ಆತ ಬಂದು ಕೂತ.

"ನಿಮ್ಮನ್ನ ತುಂಬ ಇಷ್ಟಪಡ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ಅವಳು ಇನ್ನೊಂದು ತುತ್ತು ಕಲಸಿದಳು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ತುಟಿಯಲ್ಲಿ ನಗುವಿತ್ತು.

"ಹೇಳ್ತೀನಿ. ಸ್ವಲ್ಪ ಇರಿ... ನನಗೆ ಹಸಿವಾಗ್ತಿದೆ."

"ಏನಂದ್ರಿ?"

"ಹಸಿವು. ತುಂಬ ಹಸಿವು."

ಗಡಿಯಾರ ಸಾರ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. "ತಿನ್ನಿ" ಎಂದ. "ಎಷ್ಟು ಹೊತ್ತು ಬೇಕಾದ್ರೂ ತಗೊಳ್ಳಿ. ನಾನು ಕಾಯ್ತೀನಿ."