ಅವರು ಖಾಲಿ ಬಿಟ್ಟ ಮೊದಲ ಪ್ರಶ್ನೆ

ಗಣಿತದ ಮೇಷ್ಟ್ರ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಸಮಾಜಶಾಸ್ತ್ರ ಓದುವ ನನ್ನ ತರಗತಿಯ ಮಕ್ಕಳು ಕುಟುಂಬಗಳ ಸಮೀಕ್ಷೆ ಮಾಡುವವರಿದ್ದರು. ಅದಕ್ಕೆ ಮೊದಲು ಪ್ರಶ್ನಾವಳಿ ಸರಿಯಿದೆಯೇ ಎಂದು ನೋಡಲು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದ್ದೆ. ಈ ಮೇಷ್ಟ್ರು ಮೊದಲ ಪ್ರಶ್ನೆಯನ್ನೇ ಖಾಲಿ ಬಿಟ್ಟಿದ್ದರು. ನಾನು ಕದ್ದು ಕದ್ದು ನೋಡುವ ಮನುಷ್ಯ ಹೀಗೆ ಮಾಡಿದರೆ ಸಿಟ್ಟು ಎರಡು ಪಟ್ಟು ಬರುತ್ತದೆ.

"ಕೂಡುಕುಟುಂಬಾನಾ, ಅಪ್ಪ ಅಮ್ಮ ಮಕ್ಕಳ ಕುಟುಂಬಾನಾ, ಒಂದಕ್ಕೆ ಟಿಕ್ ಹಾಕೋದು ಅಷ್ಟು ಕಷ್ಟಾನಾ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. ರೆಪ್ಪೆಗಳು ಎಷ್ಟು ಉದ್ದ ಎಂದು ಆ ಸಿಟ್ಟಿನಲ್ಲೂ ಗಮನಿಸಿದೆ.

"ಎರಡರಲ್ಲೂ ನಾವಿಲ್ಲ ಟೀಚರ್. ಅಣ್ಣ ಅತ್ತಿಗೆ ತೀರ್ಕೊಂಡ ಮೇಲೆ ಮನೇಲಿ ಅವರ ಮಗಳು, ನಾನು, ಇಬ್ಬರೇ."

ನನ್ನ ಮುಖ ಸಣ್ಣದಾಯಿತು. ಉತ್ತರಿಸುವವರಿಗೆ ಜಾಗವಿಲ್ಲದಿದ್ದರೆ ಅದು ಪ್ರಶ್ನೆ ಬರೆದವರ ತಪ್ಪು ಎಂದು ಪ್ರತಿ ವರ್ಷ ಪಾಠ ಮಾಡುವವಳು ನಾನು.

"ಅದಕ್ಕೇ ಮದುವೆ ಆಗಿಲ್ವಾ?" ಪ್ರಶ್ನಾವಳಿಯಲ್ಲಿಲ್ಲದ್ದು ಬಾಯಿಂದ ಜಾರಿತು.

"ಬಂದ ಸಂಬಂಧದವರೆಲ್ಲ ಹುಡುಗೀನ ಹಾಸ್ಟೆಲ್‌ಗೆ ಕಳಿಸ್ತೀರಾ ಅಂತಾರೆ. ಮದುವೆ ಮಾತೇ ಬಿಟ್ಬಿಟ್ಟೆ."

"ನಾನು ಹಾಗೆ ಕೇಳಲ್ಲ."

ಪೆನ್ನು ತಿರುಗಿಸುತ್ತಿದ್ದ ಅವರ ಬೆರಳುಗಳು ನಿಂತವು. ಕಿವಿ ಕೆಂಪಾಯಿತು.

"ಒಬ್ಬರ ಉತ್ತರ ಕೇಳಿ ತೀರ್ಮಾನಕ್ಕೆ ಬರಬಾರದು ಅಂತ ನೀವೇ ಹೇಳ್ಕೊಡ್ತೀರಲ್ವಾ?"

"ಸರಿ, ಇನ್ನೊಬ್ಬರನ್ನೂ ಕೇಳ್ತೀನಿ. ಭಾನುವಾರ ನಿಮ್ಮ ಮನೆಗೆ ಬರ್ತೀನಿ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ನಿಲ್ಲಲಿಲ್ಲ. ಹಿಡಿದ ಹಟ ಬಿಡುವ ಜಾಯಮಾನ ನನ್ನದಲ್ಲ.

ಭಾನುವಾರ ಬಾಗಿಲು ತೆಗೆದವಳಿಗೆ ಹನ್ನೆರಡು ವರ್ಷವಿರಬೇಕು, ಬೇರೆ ಶಾಲೆಯ ಹುಡುಗಿ. ಎರಡೇ ಕೋಣೆಯ ಮನೆ. ಚಿಕ್ಕಪ್ಪನನ್ನು ಅಡುಗೆಮನೆಗೆ ಅಟ್ಟಿ ಅವಳೆದುರು ಕುಳಿತೆ. ಇವಳು ಒಲ್ಲೆ ಎಂದರೆ ನನ್ನ ಆಸೆ ಅಲ್ಲಿಗೆ ಮುಗಿಯಿತು.

"ನಿನ್ನ ಚಿಕ್ಕಪ್ಪನ್ನ ಮದುವೆ ಆಗ್ಬೇಕು ಅಂತ ನಂಗಾಸೆ. ನೀನು ಒಪ್ಪದೆ ಅವರನ್ನ ಕೇಳಲ್ಲ. ಬೇಡ ಅಂದ್ರೂ ಬೇಜಾರಿಲ್ಲ."

ಬೇಜಾರಿಲ್ಲ ಎಂದದ್ದು ಶುದ್ಧ ಸುಳ್ಳು.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನೀವು ಬಂದ್ರೆ ನಾನೆಲ್ಲಿರ್ತೀನಿ ಮಿಸ್?"

"ಎಲ್ಲಿದ್ದೀಯೋ ಅಲ್ಲೇ. ಜಾಗ ಹುಡುಕ್ಕೋಬೇಕಾಗಿರೋದು ನಾನು."

"ನಿಮಗೆ ಸಿಟ್ಟು ಬರುತ್ತಾ?"

"ತುಂಬಾ."

"ಚಿಕ್ಕಪ್ಪಂಗೆ ಬರೋದೇ ಇಲ್ಲ. ಮನೇಲಿ ಒಬ್ಬರಿಗಾದ್ರೂ ಬರ್ಬೇಕು." ಅವಳು ಯೋಚಿಸಿ, ಸರಿ ಎಂಬಂತೆ ತಲೆಯಾಡಿಸಿದಳು. ಆಮೇಲೆ ಅಡುಗೆಮನೆಯತ್ತ ತಿರುಗಿದಳು. "ಕದ್ದು ಕೇಳಿದ್ದು ಸಾಕು, ಬಾ ಚಿಕ್ಕಪ್ಪ."

ಅವರು ಒದ್ದೆ ಕೈಯಲ್ಲೇ ಬಂದು ನಿಂತರು.

"ಈಗ ನಿಮ್ಮನ್ನ ಕೇಳ್ತಿದೀನಿ," ಎಂದೆ.

"ಸ್ಟಾಫ್ ರೂಮಲ್ಲಿ ದಿನಾ ನಿಮ್ಮೆದುರಿನ ಕುರ್ಚೀನೇ ಯಾಕೆ ಹಿಡೀತಿದ್ದೆ ಅಂದ್ಕೊಂಡ್ರಿ?" ಎಂದವರು ನನ್ನ ಕೈ ಹಿಡಿದುಕೊಂಡರು. ಎಷ್ಟು ಹೊತ್ತು ಹಾಗೇ ಇದ್ದೆವೋ.

"ನಾನೂ ಇಲ್ಲೇ ಇದೀನಿ," ಎಂದಳು ಹುಡುಗಿ.